ಎಮ್ಮೆ ಹೊರಟರೆ ಮನೆ ಹೊರಡುತ್ತದೆ: ಕೃಷ್ಣಾ ತೀರದಲ್ಲಿ ಪ್ರವಾಹ ನಿರ್ವಹಿಸಿದ ನನ್ನ ಅನುಭವ

ಚಿಕ್ಕೋಡಿ ಸೀಮೆಯ ನದಿತೀರದ ಹಳ್ಳಿಗಳಲ್ಲಿ ಹನಿ ಮಳೆ ಬೀಳದೆಯೂ ಪ್ರವಾಹ ಬರುತ್ತದೆ. ಹೊಲದಲ್ಲಿ ಸೋಯಾಬೀನ್ ನೀರಿಲ್ಲದೆ ಬಾಡುತ್ತಿರುತ್ತದೆ, ಹೊಳೆ ಮಾತ್ರ ಘಟ್ಟದ ಮೆಟ್ಟಿಲುಗಳನ್ನು ಒಂದೊಂದಾಗಿ ನುಂಗುತ್ತಾ ಏರುತ್ತಿರುತ್ತದೆ. ಮಳೆ ಸುರಿಯುವುದು ಮಹಾರಾಷ್ಟ್ರದ ಮಹಾಬಲೇಶ್ವರದಲ್ಲಿ, ಕೊಯ್ನಾ ಕಣಿವೆಯಲ್ಲಿ, ಮುಳುಗುವುದು ನಾವು. ಬಯಲುಸೀಮೆಯಿಂದ ವರ್ಗವಾಗಿ ಬಂದ ಅಧಿಕಾರಿಗಳಿಗೆ ಇದು ಒಂದು ಮಳೆಗಾಲ ಕಳೆಯುವವರೆಗೆ ಮನದಟ್ಟಾಗುವುದಿಲ್ಲ. ನಾನು ಕಂದಾಯ ಇಲಾಖೆಗೆ ಗ್ರಾಮ ಲೆಕ್ಕಿಗನಾಗಿ ಸೇರಿ, ಶಿರಸ್ತೇದಾರನಾಗಿ, ಕೊನೆಗೆ ಗ್ರೇಡ್-2 ತಹಶೀಲ್ದಾರನಾಗಿ ನಿವೃತ್ತನಾದವನು. ವಿಪತ್ತು ನಿರ್ವಹಣೆಯ ಕಡತ ನನ್ನ ಮೇಜಿನಲ್ಲಿಯೇ ಇತ್ತು. 2019ರ ಆಗಸ್ಟ್ ಮತ್ತು 2021ರ ಜುಲೈ ಪ್ರವಾಹಗಳು ಅದೇ ಮೇಜಿನ ಮೇಲೆ ಹಾದುಹೋದವು. ಸರ್ಕಾರ ಇಂಥ ಕೆಲಸವನ್ನು ಹೇಗೆ ಮಾಡುತ್ತದೆ ಎಂದು ಕೇಳುವವರೆಲ್ಲ ಹೆಲಿಕಾಪ್ಟರ್, ಸೇನೆ, ದೋಣಿಗಳ ಬಗ್ಗೆಯೇ ಕೇಳುತ್ತಾರೆ. ನಾನು ಶಾಲೆಯ ಬೀಗದ ಕೈ, ಎಮ್ಮೆ, ಪಡಿತರ ಚೀಟಿಗಳ ಬಗ್ಗೆ ಹೇಳುತ್ತೇನೆ. ಕೆಲಸ ನಡೆಯುವುದೂ ಕೆಡುವುದೂ ಅಲ್ಲಿಯೇ.

ಮೊದಲು ಕಾನೂನಿನ ಮಾತನ್ನು ಬೇಗ ಮುಗಿಸುತ್ತೇನೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ರಾಜ್ಯ ಪ್ರಾಧಿಕಾರಕ್ಕೆ ಮುಖ್ಯಮಂತ್ರಿ ಅಧ್ಯಕ್ಷರು, ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ. ಜಿಲ್ಲಾ ಯೋಜನೆಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ಟ್ರ್ಯಾಕ್ಟರ್, ಜೆಸಿಬಿ, ಕಟ್ಟಡಗಳನ್ನು ವಶಕ್ಕೆ ಪಡೆಯುವ ಅಧಿಕಾರವನ್ನು 65ನೇ ಕಲಂ ಕೊಡುತ್ತದೆ. ಆದೇಶ ಧಿಕ್ಕರಿಸಿದವರಿಗೆ ಒಂದು ವರ್ಷದವರೆಗೆ ಸೆರೆವಾಸ ಎಂದು 51ನೇ ಕಲಂ ಹೇಳುತ್ತದೆ. ಊರು ಬಿಡಲು ಒಪ್ಪದ ಮುದುಕರ ಮುಂದೆ ಈ ಕಲಂ ಓದಿದರೆ ಏನಾಗುತ್ತದೆ ಎಂಬುದನ್ನು ಓದುಗರ ಊಹೆಗೆ ಬಿಡುತ್ತೇನೆ. ಯಾರು ಯಾರಿಗೆ ವರದಿ ಮಾಡಬೇಕು, ಸಾಮಗ್ರಿ ಯಾರ ಹೊಣೆ, ಸ್ಥಳದಲ್ಲಿ ಆಜ್ಞೆ ಯಾರದು ಎಂಬುದನ್ನು ರಾಷ್ಟ್ರೀಯ ಪ್ರಾಧಿಕಾರ 2010ರಲ್ಲಿ ಹೊರಡಿಸಿದ ಮಾರ್ಗಸೂಚಿ ವಿಂಗಡಿಸಿದೆ. ಒಳ್ಳೆಯ ವಿಂಗಡಣೆಯೇ. ಆದರೆ ನದಿತೀರದ ಹಳ್ಳಿಯಲ್ಲಿ ಸರ್ಕಾರವೆಂದರೆ ಗ್ರಾಮ ಲೆಕ್ಕಿಗ (ಈಗಿನ ಹೆಸರು ಗ್ರಾಮ ಆಡಳಿತ ಅಧಿಕಾರಿ), ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಂದರೆ ಪಿಡಿಒ, ಬೀಟ್ ಪೊಲೀಸ್, ಲೈನ್‌ಮನ್, ಆಶಾ ಕಾರ್ಯಕರ್ತೆ ಮತ್ತು ತಳವಾರ. ಈ ಐದಾರು ಜನ ಒಬ್ಬರ ಮಾತನ್ನೊಬ್ಬರು ಕೇಳುವಂತಿದ್ದರೆ ಯೋಜನೆ ಇದೆ ಎಂದರ್ಥ. ಇಲ್ಲದಿದ್ದರೆ ಇನ್ನೂರು ಪುಟದ ಪುಸ್ತಕ ಕಪಾಟಿನಲ್ಲಿದೆ, ಅಷ್ಟೇ.

ನಮ್ಮ ಕೆಲಸದ ಅರ್ಧ ಭಾಗ ನೀರಿನ ಲೆಕ್ಕ. ಕೊಯ್ನಾ ಜಲಾಶಯ ಸುಮಾರು 105 ಟಿಎಂಸಿಯದು (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಅದರ ನೀರು ಕರಾಡದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಸಾಂಗ್ಲಿಯ ಬಳಿ ಹರಿಪುರದಲ್ಲಿ ವಾರಣಾ ಬಂದು ಕೂಡುತ್ತದೆ, ನರಸೋಬಾವಾಡಿಯಲ್ಲಿ ಪಂಚಗಂಗಾ. ಇವೆಲ್ಲ ಸೇರಿದ ನೀರನ್ನು ರಾಜಾಪುರ ಬ್ಯಾರೇಜಿನಲ್ಲಿ ಅಳೆಯುತ್ತಾರೆ. ಗಡಿ ದಾಟಿದ ಮೇಲೆ ದೂಧಗಂಗಾ ವೇದಗಂಗೆಯನ್ನೂ ಕರೆದುಕೊಂಡು ಬಂದು ಕೂಡುತ್ತದೆ. ಕಲ್ಲೋಳದ ಅಳತೆಯಲ್ಲಿ ಒಟ್ಟು ಮೊತ್ತ ಸಿಗುತ್ತದೆ. ಜುಲೈ ಬಂತೆಂದರೆ ತೀರದ ಹಳ್ಳಿಗಳ ಹೋಟೆಲಿನಲ್ಲಿ ಚಹಾ ಕುಡಿಯುವವರಿಗೂ ಸಾಂಗ್ಲಿಯ ಇರ್ವಿನ್ ಸೇತುವೆ ಎಷ್ಟು ಅಡಿಯಲ್ಲಿದೆ ಎಂಬುದು ಗೊತ್ತಿರುತ್ತದೆ. ಅಲ್ಲಿ ಅಪಾಯದ ಮಟ್ಟ 45 ಅಡಿ, ಕೊಲ್ಹಾಪುರದ ರಾಜಾರಾಮ ಬಂಧಾರದಲ್ಲಿ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ತಗ್ಗಿನ ಒಡ್ಡಿನಲ್ಲಿ, 43. ರಾಧಾನಗರಿ ಜಲಾಶಯದ್ದು ಇನ್ನೊಂದು ಕಥೆ. ಅದರ ಸ್ವಯಂಚಾಲಿತ ಗೇಟುಗಳು ನೀರು ತುಂಬಿದೊಡನೆ ಯಾರ ಅಪ್ಪಣೆಯನ್ನೂ ಕಾಯದೆ ತಾವೇ ತೆರೆದುಕೊಳ್ಳುತ್ತವೆ.

ಒಂದು ಲೆಕ್ಕವನ್ನು ನಾನು ಪ್ರತಿ ಹೊಸ ಸಿಬ್ಬಂದಿಗೂ ಕಲಿಸುತ್ತಿದ್ದೆ. ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು; ಒಂದು ಲಕ್ಷ ಕ್ಯುಸೆಕ್ ನೀರು ಇಡೀ ಒಂದು ದಿನ ಹರಿದರೆ 8.64 ಟಿಎಂಸಿ. ಮೇಲಿನ ಅಣೆಕಟ್ಟಿನಲ್ಲಿ ಇನ್ನೆಷ್ಟು ಜಾಗ ಖಾಲಿ ಇದೆ, ಒಳಹರಿವು ಎಷ್ಟು ಎಂಬ ಎರಡು ಅಂಕಿ ಕೈಯಲ್ಲಿದ್ದರೆ, ಗೇಟು ಯಾವಾಗ ಎತ್ತುತ್ತಾರೆಂದು ಸುಮಾರಾಗಿ ನಾವೇ ಹೇಳಬಹುದು. ಎತ್ತಿದ ನೀರು ಅದೇ ಗಳಿಗೆಗೆ ನಮ್ಮ ಬಾಗಿಲಿಗೆ ಬರುವುದಿಲ್ಲ. ನಡುವೆ ಸಿಗುವ ಆ ಹೊತ್ತು ಒಂದೇ ನಮ್ಮ ಬಂಡವಾಳ. ಕೆಳಗೆ ಆಲಮಟ್ಟಿಯಲ್ಲಿ ಮಟ್ಟವನ್ನು 519.60 ಮೀಟರಿಗೆ ಎಷ್ಟು ಮುಂಚೆ ತುಂಬಬೇಕು, ಎಷ್ಟು ಹೊರಬಿಡಬೇಕು ಎಂಬ ವಾದ ಎರಡು ರಾಜ್ಯಗಳ ಇಂಜಿನಿಯರುಗಳ ನಡುವೆ ಪ್ರತಿ ವರ್ಷ ನಡೆಯುತ್ತದೆ. ತಾಲ್ಲೂಕು ಕಚೇರಿಗೆ ಆ ವಾದದಲ್ಲಿ ಜಾಗವಿಲ್ಲ. ನಮಗೆ ಬೇಕಾದದ್ದು ಸಂಜೆ ಆರಕ್ಕೆ ಬರುವ ಅಂಕಿ.

ಆದರೆ ಅಂಕಿ ಜನರಿಗೆ ಅರ್ಥವಾಗುವುದಿಲ್ಲ. ‘ಕಲ್ಲೋಳದಲ್ಲಿ ಎರಡು ಲಕ್ಷ ಕ್ಯುಸೆಕ್’ ಎಂದು ಧ್ವನಿವರ್ಧಕದಲ್ಲಿ ಕೂಗಿದರೆ ಯಾರೂ ಗಂಟು ಕಟ್ಟುವುದಿಲ್ಲ. ‘ಬೆಳಗಾಗುವುದರೊಳಗೆ ನೀರು ಹನುಮಂತ ದೇವರ ಕಟ್ಟೆಗೆ ಬರುತ್ತದೆ’ ಎಂದರೆ ಆ ಕಟ್ಟೆಯ ಕೆಳಗಿರುವ ಓಣಿ ತಾನಾಗಿ ಎದ್ದು ನಿಲ್ಲುತ್ತದೆ. ಆದ್ದರಿಂದ 2019ರ ನೀರು ಇಳಿದ ಮೇಲೆ, ಗೋಡೆಗಳ ಮೇಲಿನ ಕೆಸರಿನ ಗೆರೆ ಮಾಸುವ ಮುನ್ನ, ಪ್ರತಿ ಹಳ್ಳಿಯಲ್ಲೂ ಶಾಲೆ, ಗುಡಿ, ಚಾವಡಿ, ವಿದ್ಯುತ್ ಕಂಬಗಳ ಮೇಲೆ ಎಣ್ಣೆ ಬಣ್ಣದಲ್ಲಿ ಆ ಗೆರೆಯನ್ನು ಎಳೆಸಿದೆವು. ಆಮೇಲೆ ಗ್ರಾಮ ಲೆಕ್ಕಿಗರು ಹಿರಿಯರನ್ನು ಕೂರಿಸಿಕೊಂಡು, ಆ ದಿನಗಳ ಅಂಕಿಗಳ ಎದುರು ಯಾವ ದಿನ ಯಾವ ಓಣಿಗೆ ನೀರು ಬಂತು ಎಂದು ಬರೆದುಕೊಂಡರು. ಹೀಗೆ ಊರೂರಿಗೆ ಒಂದು ಹಾಳೆ ತಯಾರಾಯಿತು: ಇಷ್ಟು ಕ್ಯುಸೆಕ್‌ಗೆ ಈ ಬಂಧಾರ ಮುಳುಗುತ್ತದೆ, ಇಷ್ಟಕ್ಕೆ ತೋಟದ ದಾರಿ ಮುಚ್ಚುತ್ತದೆ, ಇಷ್ಟಕ್ಕೆ ಅಂಬಿಗರ ಓಣಿ, ಇಷ್ಟಕ್ಕೆ ಪೇಟೆ. ಒಂದು ಲಕ್ಷದ ಆಸುಪಾಸಿಗೆ ಬರುವಾಗಲೇ ಕಲ್ಲೋಳ-ಯಡೂರದಂಥ ತಗ್ಗಿನ ಸೇತುವೆಗಳು ನೀರಿನಡಿ ಇರುತ್ತವೆ. ಅವುಗಳನ್ನು ಪತ್ರಿಕೆಗಳು ದೊಡ್ಡ ಸುದ್ದಿ ಮಾಡುತ್ತವೆ, ನಮಗೆ ಅದು ಪ್ರತಿ ವರ್ಷದ ಪಾಠ. ಅಪಾಯ ಶುರುವಾಗುವುದು ಆಮೇಲೆ. ಹೈದರಾಬಾದಿನಿಂದಲೋ ದೆಹಲಿಯಿಂದಲೋ ಬಂದ ಉಪಗ್ರಹ ನಕ್ಷೆಗಳಿಗಿಂತ ಈ ಹಾಳೆ ನನಗೆ ಹೆಚ್ಚು ಕೆಲಸಕ್ಕೆ ಬಂತು. ನಕ್ಷೆಯಲ್ಲಿ ನೀಲಿ ಬಣ್ಣ ಇರುತ್ತದೆ, ಯಾರ ಮನೆ ಎಂದು ಇರುವುದಿಲ್ಲ.

ಮಳೆಯ ಮಾಹಿತಿಯ ವಿಷಯದಲ್ಲಿ ನಮ್ಮ ರಾಜ್ಯ ಮುಂದಿದೆ ಎಂದು ಸಂಕೋಚವಿಲ್ಲದೆ ಹೇಳಬಹುದು. 1988ರಲ್ಲಿ ಬರ ನೋಡಲೆಂದು ಶುರುವಾದ ಸಣ್ಣ ಘಟಕವೇ ಬೆಳೆದು ಇಂದು ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿದೆ. ಗ್ರಾಮ ಪಂಚಾಯಿತಿಗೊಂದರಂತೆ ಅದರ ಮಳೆ ಮಾಪಕಗಳಿವೆ. ಹದಿನೈದು ನಿಮಿಷಕ್ಕೊಮ್ಮೆ ಅಂಕಿ ಹೋಗುತ್ತದೆ. ಇದರಿಂದ ಹೊಳೆಯ ಪ್ರವಾಹಕ್ಕಿಂತ ಗೋಡೆಗಳ ವಿಷಯದಲ್ಲಿ ನಮಗೆ ಹೆಚ್ಚು ಉಪಯೋಗವಾಯಿತು. ನಾಲ್ಕೈದು ದಿನ ಬಿಡದೆ ಜಿನುಗಿದರೆ ನದಿಯಿಂದ ದೂರದ ಊರುಗಳಲ್ಲೂ ಮಣ್ಣಿನ ಗೋಡೆಗಳು ನೀರು ಕುಡಿದು ರಾತ್ರಿ ಹೊತ್ತು ಕುಸಿಯುತ್ತವೆ. ಮಲಗಿದವರು ಅಡಿಯಲ್ಲಿ ಸಿಗುತ್ತಾರೆ. ಯಾವ ಹೋಬಳಿಯಲ್ಲಿ ಮಳೆ ಬಿಟ್ಟಿಲ್ಲ ಎಂಬುದನ್ನು ನೋಡಿಕೊಂಡು, ಹಳೆಯ ಮನೆಗಳಲ್ಲಿರುವವರನ್ನು ಒಂದೆರಡು ರಾತ್ರಿ ಸಮುದಾಯ ಭವನಕ್ಕೆ ಕಳಿಸಿ ಎಂದು ಆ ಊರಿಗೆ ಫೋನ್ ಮಾಡುವುದು ಯಾರ ಕಣ್ಣಿಗೂ ಬೀಳದ ಕೆಲಸ. ಅದನ್ನು ಮಾಡಿದ್ದಕ್ಕೆ ನನಗೆ ಯಾವ ಪ್ರಶಂಸಾಪತ್ರವೂ ಬಂದಿಲ್ಲ, ಆದರೆ ನಿದ್ರೆ ಚೆನ್ನಾಗಿ ಬಂದಿದೆ.

ಸಿದ್ಧತೆಯ ತಿಂಗಳು ಮೇ. ಜೂನ್‌ನಲ್ಲಿ ಶುರುಮಾಡಿದರೆ ಸಭೆಗಳಲ್ಲೇ ಕಾಲ ಕಳೆದುಹೋಗುತ್ತದೆ. ಜಿಲ್ಲಾ ಕೇಂದ್ರದಿಂದ ಬರುವ ನಮೂನೆಯಲ್ಲಿ ನೂರೆಂಟು ಕಲಂ ಇರುತ್ತವೆ. ತುಂಬಿ ಕಳಿಸುತ್ತಿದ್ದೆವು, ಅದು ಅದರ ಪಾಡಿಗೆ. ನಾವು ನಂಬುತ್ತಿದ್ದ ಪಟ್ಟಿ ಬೇರೆ. ಹೆರಿಗೆ ದಿನ ಜುಲೈ-ಆಗಸ್ಟ್‌ನಲ್ಲಿರುವ ಗರ್ಭಿಣಿಯರು ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಇರುತ್ತಾರೆ. ಅವರನ್ನು ನೀರಿಗೆ ಕಾಯದೆ ಮೊದಲೇ ತಾಲ್ಲೂಕು ಆಸ್ಪತ್ರೆಯ ಸಮೀಪಕ್ಕೋ ಎತ್ತರದ ಊರಿನ ಬಂಧುಗಳ ಮನೆಗೋ ಕಳಿಸಬೇಕು. ಡಯಾಲಿಸಿಸ್‌ಗೆ ಹೋಗುವವರು, ಹಾಸಿಗೆ ಹಿಡಿದವರು, ಒಬ್ಬರೇ ಇರುವ ಮುದುಕರು. ಟ್ರ್ಯಾಕ್ಟರ್ ಯಾರದು, ಟ್ರೇಲರ್ ಯಾರದು. ಎರಡೂ ಒಬ್ಬರದೇ ಆಗಿರಬೇಕೆಂದಿಲ್ಲ. ಹುಟ್ಟು ಹಾಕಬಲ್ಲ ಅಂಬಿಗರು, ಈಜಬಲ್ಲ ಹುಡುಗರು, ಅವರಲ್ಲಿ ‘ಆಪದ ಮಿತ್ರ’ ಎಂಬ ವಿಪತ್ತು ಸ್ವಯಂಸೇವಕರ ತರಬೇತಿ ಪಡೆದವರು ಯಾರು. ಮತ್ತೆ ಬೀಗದ ಕೈ. ಕಾಳಜಿ ಕೇಂದ್ರವೆಂದು, ಅಂದರೆ ಸಂತ್ರಸ್ತರ ತಾತ್ಕಾಲಿಕ ವಸತಿಗೆಂದು, ಗುರುತಿಸಿದ ಶಾಲೆಗೆ ರಾತ್ರಿ ಎರಡು ಗಂಟೆಗೆ ಜನ ಬಂದರೆ ಬಾಗಿಲು ತೆರೆಯುವವರು ಯಾರು? ಮುಖ್ಯೋಪಾಧ್ಯಾಯರು ಪಟ್ಟಣದಲ್ಲಿ ವಾಸ, ದಾರಿಯಲ್ಲಿ ಸೇತುವೆ ಮುಳುಗಿದೆ. ಆದ್ದರಿಂದ ಪ್ರತಿ ಶಾಲೆಯ ಎರಡನೇ ಬೀಗದ ಕೈಯನ್ನು ಅದೇ ಊರಿನ ಅಂಗನವಾಡಿ ಕಾರ್ಯಕರ್ತೆಯ ಮನೆಯಲ್ಲಿ ಇಡಿಸುವುದು ನಮ್ಮ ಕಡ್ಡಾಯ ನಿಯಮವಾಗಿತ್ತು. ಫೋನ್ ನಂಬರುಗಳ ಪಟ್ಟಿಯನ್ನು ನಕಲು ಮಾಡಲು ಬಿಡುತ್ತಿರಲಿಲ್ಲ. ಪ್ರತಿ ನಂಬರಿಗೂ ಕರೆ ಮಾಡಿ, ಎತ್ತಿದವರು ಯಾರೆಂದು ಕೇಳಿ, ಎದುರಿಗೆ ಟಿಕ್ ಹಾಕಬೇಕು. ಹೋದ ವರ್ಷದ ಪಟ್ಟಿಯಲ್ಲಿ ವರ್ಗವಾದವರು, ನಿವೃತ್ತರಾದವರು, ಒಮ್ಮೊಮ್ಮೆ ತೀರಿಹೋದವರೂ ಇರುತ್ತಾರೆ.

ದೋಣಿಗಳ ಬಗ್ಗೆ ಎರಡು ಮಾತು. ಅಣಕು ಪ್ರದರ್ಶನ ಎಂದರೆ ಕೆರೆಯಲ್ಲಿ ಬಿಳಿ ಸಮವಸ್ತ್ರದವರು ದೋಣಿ ಓಡಿಸುವುದು, ಫೋಟೊ ತೆಗೆಯುವುದು ಎಂದಾಗಿದೆ. ನಮ್ಮ ಹೊಳೆಯ ಪ್ರವಾಹ ಕೆರೆಯಂಥದ್ದಲ್ಲ. ಇಲ್ಲಿ ದೋಣಿ ಓಡುವುದು ಕಬ್ಬಿನ ತೋಟದ ಮೇಲೆ. ಆಳೆತ್ತರದ ಕಬ್ಬು ನೀರಿನಡಿ ಬಾಗಿ ಮಲಗಿರುತ್ತದೆ. ಅದರ ಗರಿ, ರವದಿ ಎಂಜಿನ್ನಿನ ಫ್ಯಾನಿಗೆ ಸುತ್ತಿಕೊಂಡು ಎಂಜಿನ್ ನಿಂತುಬಿಡುತ್ತದೆ. ಸೆಳವಿನಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗುತ್ತದೆ. ಆದ್ದರಿಂದ ಪ್ರತಿ ದೋಣಿಯಲ್ಲೂ ಒಂದು ಕುಡುಗೋಲು, ಎರಡು ಹುಟ್ಟು, ಉದ್ದನೆಯ ಬಿದಿರು ಗಳು ಇರಲೇಬೇಕು ಎಂದು ಸ್ಥಳೀಯ ಅಂಬಿಗರೇ ನಮಗೆ ಹೇಳಿಕೊಟ್ಟರು. ಎರಡನೆಯದು ವಿದ್ಯುತ್ ತಂತಿ. ನೀರು ಹತ್ತು ಹನ್ನೆರಡು ಅಡಿ ಏರಿದಾಗ ಕಂಬದ ತಂತಿ ದೋಣಿಯಲ್ಲಿ ನಿಂತವನ ತಲೆಯ ಮಟ್ಟಕ್ಕೆ ಬಂದಿರುತ್ತದೆ. ವಿದ್ಯುತ್ ಕಂಪನಿ ಹೆಸ್ಕಾಂನ ಶಾಖಾಧಿಕಾರಿ ಆ ಫೀಡರ್ ಬಂದ್ ಆಗಿದೆ ಎಂದು ಬಾಯಲ್ಲಿ ಹೇಳಿದರೆ ಸಾಲದು, ಸಮಯ ನಮೂದಿಸಿ ಸಂದೇಶ ಕಳಿಸಿದ ಮೇಲೆಯೇ ದೋಣಿ ಬಿಡುವುದು ನಮ್ಮ ಪದ್ಧತಿ. ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ತಂಡಗಳು ಬಂದಾಗಲೂ ಅಷ್ಟೇ. ಅವರು ನುರಿತವರು, ಧೈರ್ಯಶಾಲಿಗಳು. ಆದರೆ ಎಲ್ಲಿ ಬಾವಿ ಇದೆ, ಎಲ್ಲಿ ಕಾಲುವೆ ಏರಿ ಇದೆ, ಯಾವ ಸಾಲಿನಲ್ಲಿ ಮುಳ್ಳುತಂತಿ ಇದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಪ್ರತಿ ತಂಡಕ್ಕೂ ಆ ತೋಟ ಬಲ್ಲ ಒಬ್ಬ ಸ್ಥಳೀಯನನ್ನು ಜೀವರಕ್ಷಕ ಜಾಕೆಟ್ ತೊಡಿಸಿ ಕೂರಿಸುತ್ತಿದ್ದೆವು.

ಈಗ ಎಮ್ಮೆಯ ವಿಷಯ. ಇಡೀ ಬರಹದಲ್ಲಿ ಒಂದನ್ನೇ ನೆನಪಿಡಿ ಎಂದರೆ ಇದನ್ನೇ ಎನ್ನುತ್ತೇನೆ.

ನಮ್ಮಲ್ಲಿ ಅರ್ಧ ಊರು ಊರಿನಲ್ಲಿ ಇರುವುದಿಲ್ಲ, ತೋಟದ ವಸತಿಗಳಲ್ಲಿರುತ್ತದೆ. ಹೊಳೆದಂಡೆಯ ಕಪ್ಪು ಮಣ್ಣಿನ ನಡುವೆ ಒಂದು ಮನೆ, ಪಕ್ಕದಲ್ಲಿ ಕೊಟ್ಟಿಗೆ, ಎರಡು ಎಮ್ಮೆ, ಒಂದು ಜೋಡಿ ಎತ್ತು. ನೀರು ಮೊದಲು ಬರುವುದು ಇವರ ಬಾಗಿಲಿಗಲ್ಲ, ಹಿಂದಿನ ಹಳ್ಳದಿಂದ ಸುತ್ತಿ ದಾರಿಗೆ. ಅಂಗಳ ಒಣಗಿರುವಾಗಲೇ ವಸತಿ ನಡುಗಡ್ಡೆಯಾಗಿರುತ್ತದೆ. ‘ಇನ್ನೂ ನೀರು ಬಂದಿಲ್ಲವಲ್ಲ’ ಎನ್ನುತ್ತಿರುವಾಗಲೇ ಹೊರಡುವ ದಾರಿ ಹೋಗಿರುತ್ತದೆ. 2019ರಲ್ಲಿ ದೋಣಿ, ಹೆಲಿಕಾಪ್ಟರ್ ಬೇಕಾದ ಪ್ರಕರಣಗಳಲ್ಲಿ ನಾನು ಕಂಡ ಬಹುಪಾಲು ಇಂಥವೇ. ಜನ ಹಟಮಾರಿಗಳು, ಮಾತು ಕೇಳುವುದಿಲ್ಲ ಎಂದು ವರದಿಯಲ್ಲಿ ಬರೆಯುವುದು ಸುಲಭ. ಹತ್ತಿರ ಹೋಗಿ ಕೇಳಿದರೆ ಬೇರೆಯದೇ ಉತ್ತರ ಬರುತ್ತದೆ. ಒಬ್ಬ ಅಜ್ಜಿಯ ಮುಂದೆ ಪೊಲೀಸರು, ಪಿಡಿಒ, ನಾನು, ಮೂವರೂ ನಿಂತು ಗೋಗರೆಯುತ್ತಿದ್ದೆವು. ಆಕೆ ನಮ್ಮ ಮಾತನ್ನೆಲ್ಲ ಸಾವಧಾನದಿಂದ ಕೇಳಿ, ‘ಸಾಹೇಬರೇ, ಶಾಲೆಯಲ್ಲಿ ನನ್ನನ್ನು ಮಲಗಿಸುತ್ತೀರಿ, ಸರಿ. ಎಮ್ಮೆಯನ್ನು ಯಾವ ತರಗತಿಯಲ್ಲಿ ಕಟ್ಟುತ್ತೀರಿ?’ ಎಂದರು. ತುಂಬು ಗಬ್ಬದ ಎಮ್ಮೆ. ಅದು ಈದರೆ ಆ ಮನೆಯ ಮುಂದಿನ ಎಂಟು ತಿಂಗಳ ಸಂತೆ ಖರ್ಚು ಅದರ ಹಾಲಿನಿಂದ ನಡೆಯಬೇಕು. ಸತ್ತರೆ ನಮ್ಮ ನಿಯಮದ ಪ್ರಕಾರ ಆಗ ಸಿಗುತ್ತಿದ್ದದ್ದು 30,000 ರೂಪಾಯಿ, ಅದೂ ಮರಣೋತ್ತರ ಪರೀಕ್ಷೆಯ ವರದಿ ಇದ್ದರೆ. ಹೊಳೆ ಕೊಚ್ಚಿಕೊಂಡು ಹೋದ ಎಮ್ಮೆಯ ಮರಣೋತ್ತರ ಪರೀಕ್ಷೆ ಎಲ್ಲಿ ಮಾಡಿಸುವುದು?

ಆ ಬಳಿಕ ನಮ್ಮ ಸ್ಥಳಾಂತರದ ಕ್ರಮವನ್ನೇ ತಿರುಗಿಸಿದೆವು. ಮೊದಲು ಜಾನುವಾರು, ಆಮೇಲೆ ಸಾಮಾನು, ಆಮೇಲೆ ಜನ. ಮೇಲಿನಿಂದ ಬರುವ ಮಾರ್ಗಸೂಚಿಯಲ್ಲಿ ಜೀವರಕ್ಷಣೆ ಮೊದಲು ಎಂದಿರುತ್ತದೆ, ತಪ್ಪೇನಿಲ್ಲ. ನೀರು ಬಾಗಿಲಿಗೆ ಬಂದ ಮೇಲೆ ನಮ್ಮದೂ ಅದೇ ಕ್ರಮ. ಆದರೆ ಒಂದು ದಿನ ಮುಂಚೆ ಎಮ್ಮೆಯನ್ನು ಎತ್ತರಕ್ಕೆ ಸಾಗಿಸಿದರೆ ಅದರ ಹಿಂದೆ ಮನೆಯ ಗಂಡಸು ಹೋಗುತ್ತಾನೆ, ಬುತ್ತಿ ಕೊಡಲು ಹೆಂಗಸು ಹೋಗುತ್ತಾಳೆ, ಕತ್ತಲಾಗುವುದರೊಳಗೆ ಮನೆ ಖಾಲಿಯಾಗಿರುತ್ತದೆ. ಯಾರ ಮೇಲೂ ಕಲಂ ಹಾಕಬೇಕಾಗಿಲ್ಲ. ಇದಕ್ಕೆ ಬೇಕಾದದ್ದು ಇಷ್ಟು: ಜಾನುವಾರು ಕಟ್ಟುವ ಜಾಗ ಕಾಳಜಿ ಕೇಂದ್ರದಿಂದ ಕಣ್ಣಿಗೆ ಕಾಣುವಷ್ಟು ಹತ್ತಿರ ಇರಬೇಕು. ಎಪಿಎಂಸಿ ಪ್ರಾಂಗಣವೋ ಸಕ್ಕರೆ ಕಾರ್ಖಾನೆಯ ಅಂಗಳವೋ ಆಗಬಹುದು. ಮೂರು ಮೈಲಿ ದೂರದ ಗೋಶಾಲೆ ಆಗದು. ಗೂಟ, ಹಗ್ಗ, ತಾಡಪಾಲು ಮೊದಲೇ ಬಂದಿರಬೇಕು. ಮೇವಿನ ದರವನ್ನು ಮೇ ತಿಂಗಳಲ್ಲೇ ಗೊತ್ತುಮಾಡಿಕೊಳ್ಳಬೇಕು. ಪ್ರವಾಹದ ನಡುವೆ ಜೋಳದ ಕಣಿಕೆ ಹುಡುಕಲು ಹೋದರೆ ಮಾರುವವನು ಹೇಳಿದ್ದೇ ದರ, ಆಮೇಲೆ ಲೆಕ್ಕ ಪರಿಶೋಧಕರು ಕೇಳುವುದು ನಮ್ಮನ್ನು. ಗಳಲೆ ರೋಗ, ಚಪ್ಪೆ ರೋಗದ ಲಸಿಕೆ ಮಳೆಗಾಲಕ್ಕೆ ಮುನ್ನ ಆಗಿರಬೇಕು. ಹತ್ತೂರಿನ ದನಗಳನ್ನು ಒಂದೆಡೆ ಕಟ್ಟಿ ರೋಗ ಹಬ್ಬಿಸಿದರೆ ಮುಂದಿನ ವರ್ಷ ಯಾರೂ ತರುವುದಿಲ್ಲ. ಇನ್ನು ಹಾಲು. ಹಾಲಿನ ಸಂಘದ ವಾಹನ ಆ ಅಂಗಳಕ್ಕೇ ಬಂದು ಹಾಲು ಅಳೆದುಕೊಂಡು ಹೋಗುವ ವ್ಯವಸ್ಥೆಯಾದ ದಿನ ಕೇಂದ್ರದಲ್ಲಿನ ಜಗಳ ಅರ್ಧಕ್ಕೆ ಇಳಿಯಿತು. ಕೈಯಲ್ಲಿ ದಿನದ ದುಡ್ಡು ಆಡಿದರೆ ಮನುಷ್ಯನಿಗೆ ತಾನು ನಿರಾಶ್ರಿತ ಎನಿಸುವುದಿಲ್ಲ.

ಸ್ಥಳಾಂತರದ ಸೂಚನೆಯನ್ನು ಹಗಲಿನಲ್ಲೇ ಕೊಡಬೇಕು ಎಂಬುದು ನನ್ನ ಇನ್ನೊಂದು ಹಟ. ಮಧ್ಯಾಹ್ನದ ಹೊತ್ತಿಗೆ ಅಂಕಿ ಅನುಮಾನಾಸ್ಪದವಾಗಿ ಕಂಡರೂ ಡಂಗುರ ಸಾರಿಸಿಬಿಡುತ್ತಿದ್ದೆ. ನೀರು ಬಾರದೆ ಹೋದರೆ ಬೈಸಿಕೊಳ್ಳುವುದಿದೆ, ಬೈಸಿಕೊಳ್ಳಲೆಂದೇ ಸಂಬಳ. ಸೂಚನೆಯಲ್ಲಿ ಮೂರೇ ಸಂಗತಿ ಇರಬೇಕು: ಯಾವ ಓಣಿ, ಎಷ್ಟು ಗಂಟೆಯೊಳಗೆ, ಎಲ್ಲಿಗೆ. ಪಡಿತರ ಚೀಟಿ, ಆಧಾರ್, ಬ್ಯಾಂಕ್ ಪುಸ್ತಕ, ಹೊಲದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಳ್ಳಿ ಎಂಬುದನ್ನು ಕೊನೆಗೆ ಮೂರು ಸಲ ಕೂಗಿಸುತ್ತಿದ್ದೆ. ಏಕೆಂದರೆ ಪ್ರವಾಹದ ಎರಡನೇ ಅಧ್ಯಾಯ ಆ ಕಾಗದಗಳ ಮೇಲೆ ನಡೆಯುತ್ತದೆ.

ಕಾಳಜಿ ಕೇಂದ್ರದ ಊಟದ ಬಗ್ಗೆ ಎಲ್ಲರೂ ತಲೆಕೆಡಿಸಿಕೊಳ್ಳುತ್ತಾರೆ. ಮಂತ್ರಿಗಳು ಬಂದರೆ ಮೊದಲು ಸಾರಿನ ರುಚಿ ನೋಡುತ್ತಾರೆ. ಊಟ ಹೇಗೋ ಆಗುತ್ತದೆ. ಬಿಸಿಯೂಟದ ಅಡುಗೆಯವರು ಐನೂರು ಜನಕ್ಕೆ ಬೇಯಿಸಿ ಹಾಕುವುದರಲ್ಲಿ ಪಳಗಿದವರು. ಆಗದಿರುವುದು ಶೌಚಾಲಯ. ಶಾಲೆಯ ನಾಲ್ಕು ಶೌಚಾಲಯ ಮುನ್ನೂರು ಜನಕ್ಕೆ ಎರಡು ದಿನ ತಾಳುವುದಿಲ್ಲ. ಪಟ್ಟಣ ಪಂಚಾಯಿತಿಯ ಸಂಚಾರಿ ಶೌಚಾಲಯಗಳನ್ನು ಮೊದಲೇ ಹೇಳಿಟ್ಟುಕೊಂಡಿದ್ದ ಕೇಂದ್ರಗಳಲ್ಲಿ ಹೆಂಗಸರು ಉಳಿದರು. ಇಲ್ಲದ ಕಡೆ ನೀರು ಇಳಿಯುವ ಮುನ್ನವೇ ಅವರು ಮರಳಿ ಹೋಗಲು ಹಟ ಹಿಡಿದರು. ಸ್ನಾನಕ್ಕೆ ಮರೆ, ಸ್ಯಾನಿಟರಿ ಪ್ಯಾಡ್, ಹಸುಗೂಸಿಗೆ ಹಾಲು, ರಾತ್ರಿ ಉರಿಯುವ ದೀಪ. ಮೊಬೈಲ್ ಚಾರ್ಜ್ ಮಾಡಲು ಸಾಕಷ್ಟು ಪ್ಲಗ್ ಇರಲಿಲ್ಲವೆಂದು ಆದ ಹೊಡೆದಾಟವನ್ನು ಬಿಡಿಸಿದ ಮೇಲೆ ಪ್ರತಿ ಕೇಂದ್ರದ ಸಾಮಾನು ಪಟ್ಟಿಗೆ ಹತ್ತು ಪಿನ್ನಿನ ವಿಸ್ತರಣಾ ಬೋರ್ಡು ಸೇರಿತು. ಹಾವಿನ ಕಡಿತಕ್ಕೆ ಚುಚ್ಚುಮದ್ದು ಯಾವ ಆಸ್ಪತ್ರೆಯಲ್ಲಿದೆ ಎಂಬುದು ಗೋಡೆಯ ಮೇಲೆ ಬರೆದಿರಬೇಕು. ನೀರು ಏರಿದಾಗ ಹಾವುಗಳೂ ನಮ್ಮಂತೆಯೇ ಎತ್ತರ ಹುಡುಕುತ್ತವೆ, ಕೃಷ್ಣೆಯಲ್ಲಿ ಮೊಸಳೆಗಳೂ ದಂಡೆಗೆ ಬರುತ್ತವೆ. 2021ರಲ್ಲಿ ಇವೆಲ್ಲದರ ಮೇಲೆ ಕೊರೊನಾ ಬೇರೆ ಇತ್ತು. ಬಾಗಿಲಲ್ಲೇ ಪರೀಕ್ಷೆ, ಸೋಂಕು ಕಂಡವರಿಗೆ ಪ್ರತ್ಯೇಕ ಕೋಣೆ.

ದಾನಿಗಳನ್ನು ನಿಭಾಯಿಸುವುದು ಒಂದು ಪ್ರತ್ಯೇಕ ಇಲಾಖೆಯ ಕೆಲಸ. ಲಾರಿಗಟ್ಟಲೆ ಬ್ರೆಡ್, ಬಿಸ್ಕತ್ತು, ಹಳೆ ಬಟ್ಟೆ ಹೆದ್ದಾರಿ ಪಕ್ಕದ ಊರುಗಳಲ್ಲಿ ರಾಶಿ ಬೀಳುತ್ತದೆ, ಒಳಗಿನ ಊರುಗಳಿಗೆ ಏನೂ ಹೋಗುವುದಿಲ್ಲ. ಒಂದೇ ಗೋದಾಮು ಮಾಡಿ, ಬಂದದ್ದನ್ನು ಬರೆದುಕೊಂಡು, ಊರಿನ ಪಟ್ಟಿಯ ಪ್ರಕಾರ ಹಂಚಿದೆವು. ತಮ್ಮ ಕೈಯಾರೆ ಕೊಡಬೇಕೆಂಬ ದಾನಿಗಳಿಗೆ ಬೇಸರವಾಯಿತು. ಅವರಿಗೆ ನಮ್ಮ ಜನರನ್ನೇ ಜೊತೆಗೆ ಕೊಟ್ಟು ಒಳ ಊರಿಗೆ ಕಳಿಸಿದೆವು.

ನೀರು ಇಳಿದ ಮೇಲೆ ಪತ್ರಕರ್ತರು ಹೋಗುತ್ತಾರೆ, ಎನ್‌ಡಿಆರ್‌ಎಫ್ ಹೋಗುತ್ತದೆ, ನಮ್ಮ ನಿಜವಾದ ಪರೀಕ್ಷೆ ಶುರುವಾಗುತ್ತದೆ. 2019ರಲ್ಲಿ ಮನೆಗೆ ನೀರು ನುಗ್ಗಿದ ಪ್ರತಿ ಕುಟುಂಬಕ್ಕೆ ತಕ್ಷಣದ ಪರಿಹಾರವಾಗಿ 10,000 ರೂಪಾಯಿ ಕೊಡಲು ಆದೇಶವಾಯಿತು. ಕೇಂದ್ರ ಸರ್ಕಾರದ ನಿಯಮದಂತೆ ಬಟ್ಟೆಬರೆ, ಪಾತ್ರೆಗೆಂದು ಆಗ ಸಿಗುತ್ತಿದ್ದದ್ದು 3,800. ಉಳಿದದ್ದನ್ನು ರಾಜ್ಯ ಸೇರಿಸಿತು. ಮೊತ್ತದಲ್ಲಿ ಗೊಂದಲವಿಲ್ಲ. ಕುಟುಂಬ ಎಂದರೆ ಯಾವುದು ಎಂಬುದರಲ್ಲಿ ಇದೆ. ಒಂದು ಮನೆ, ಮೂವರು ಅಣ್ಣತಮ್ಮಂದಿರು, ಮೂರು ಒಲೆ, ಒಂದು ಪಡಿತರ ಚೀಟಿ. ಪಕ್ಕದಲ್ಲಿ ಎರಡು ಪಡಿತರ ಚೀಟಿ, ಒಂದೇ ಒಲೆ. ಚೀಟಿ ಎಣಿಸಿದರೆ ಮೊದಲನೆಯವರಿಗೆ ಅನ್ಯಾಯ, ಒಲೆ ಎಣಿಸಿದರೆ ಮರುದಿನ ಊರಿನಲ್ಲಿ ಹೊಸ ಒಲೆಗಳು ಹುಟ್ಟಿಕೊಳ್ಳುತ್ತವೆ. ನಾವು ಇದಕ್ಕೆ ಕಾಳಜಿ ಕೇಂದ್ರದ ಹಾಜರಿ ಪುಸ್ತಕವನ್ನೂ ಮೇ ತಿಂಗಳ ಮನೆಪಟ್ಟಿಯನ್ನೂ ಸಾಕ್ಷಿಯಾಗಿ ಬಳಸಿದೆವು. ಆಪತ್ತಿಗೆ ಮುನ್ನ ಬರೆದ ಪಟ್ಟಿಯನ್ನು ಯಾರೂ ಸುಳ್ಳೆನ್ನುವುದಿಲ್ಲ. ಆಗ ಪರಿಹಾರದ ಆಸೆ ಯಾರಿಗೂ ಇರಲಿಲ್ಲವಲ್ಲ.

ಮನೆ ಹಾನಿಯದು ಇನ್ನೂ ಕಠಿಣ. 2019ರಲ್ಲಿ ಎ, ಬಿ, ಸಿ ಎಂದು ಮೂರು ವರ್ಗ. ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದರೆ ಎ, 5 ಲಕ್ಷ ರೂಪಾಯಿ. ಸಿ ವರ್ಗಕ್ಕೆ 50,000. ಶೇಕಡಾ 74 ಎಲ್ಲಿ ಮುಗಿಯುತ್ತದೆ, 76 ಎಲ್ಲಿ ಶುರುವಾಗುತ್ತದೆ ಎಂದು ಬಿದ್ದ ಗೋಡೆಯ ಮುಂದೆ ನಿಂತು ಹೇಳುವ ಕೆಲಸ ಇಂಜಿನಿಯರ್, ಪಿಡಿಒ, ಗ್ರಾಮ ಲೆಕ್ಕಿಗ ಮೂವರದು. ಮಣ್ಣಿನ ಮನೆಗೆ ಇನ್ನೊಂದು ಗುಣವಿದೆ. ಸಮೀಕ್ಷೆಯ ದಿನ ಅದು ನಿಂತಿರುತ್ತದೆ, ಬಿಸಿಲು ಬಿದ್ದು ಒಣಗುವಾಗ ಬಿರುಕು ಬಿಟ್ಟು ಹದಿನೈದು ದಿನದ ಮೇಲೆ ಕುಸಿಯುತ್ತದೆ. ಅಷ್ಟರಲ್ಲಿ ತಂತ್ರಾಂಶದಲ್ಲಿ ಹೆಸರು ಸೇರಿಸುವ ಅವಧಿ ಮುಗಿದಿರುತ್ತದೆ. ಆದ್ದರಿಂದ ನೀರು ನಿಂತ ಮಣ್ಣಿನ ಮನೆಗಳನ್ನೆಲ್ಲ, ಬೀಳಲಿ ಬೀಳದಿರಲಿ, ಮೊದಲ ಸುತ್ತಿನಲ್ಲೇ ಒಳಗೋಡೆ ಸಮೇತ ಫೋಟೊ ತೆಗೆದು, ಒದ್ದೆಯ ಗೆರೆಯ ಎತ್ತರ ಅಳೆದು ಇಟ್ಟುಕೊಳ್ಳಲು ಹೇಳಿದ್ದೆ. ಮರುಪರಿಶೀಲನೆಗೆ ಅವಕಾಶ ಸಿಕ್ಕಾಗ ಆ ಫೋಟೊಗಳೇ ಮಾತಾಡಿದವು. ಪಟ್ಟಿಯನ್ನು ಚಾವಡಿಯ ಗೋಡೆಗೆ ಅಂಟಿಸಿ, ಆಕ್ಷೇಪಣೆಯನ್ನು ಗ್ರಾಮಸಭೆಯಲ್ಲೇ ಕೇಳಿದೆವು. ಗುಟ್ಟಾಗಿ ಮಾಡಿದರೆ ಕಚೇರಿಗೆ ಮುತ್ತಿಗೆ, ಬಹಿರಂಗವಾಗಿ ಮಾಡಿದರೆ ಊರೊಳಗೆ ಜಗಳ. ಎರಡನೆಯದು ಮೇಲು. ಊರಿನವರಿಗೆ ಯಾರ ಗೋಡೆ ಯಾವಾಗ ಬಿತ್ತೆಂದು ಚೆನ್ನಾಗಿ ಗೊತ್ತಿರುತ್ತದೆ.

ಬೆಳೆ ಹಾನಿ ‘ಪರಿಹಾರ’ ತಂತ್ರಾಂಶದಲ್ಲಿ ಪಹಣಿಯೊಂದಿಗೆ ಜೋಡಣೆಯಾಗುತ್ತದೆ. ಹಣ ನೇರ ಖಾತೆಗೆ. ಎರಡು ಹೆಕ್ಟೇರಿನ ಮಿತಿ ಇದೆ. ಆಧಾರ್ ಜೋಡಣೆಯಾಗದ ಖಾತೆ, ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದ ಪಹಣಿ, ಹೆಸರಿನ ಕಾಗುಣಿತದ ವ್ಯತ್ಯಾಸ, ಇವುಗಳಿಂದ ಮರಳಿ ಬಂದ ಪಾವತಿಗಳನ್ನು ಸರಿಪಡಿಸುವುದರಲ್ಲೇ ಚಳಿಗಾಲ ಮುಗಿಯುತ್ತದೆ. ತೀರಿಹೋದವರ ಹೆಸರಿನ ಪಹಣಿಯನ್ನು ವಾರಸುದಾರರ ಹೆಸರಿಗೆ ಮಾಡುವ ಪೌತಿ ಖಾತೆ ಆಂದೋಲನವನ್ನು ನದಿತೀರದ ಹಳ್ಳಿಗಳಲ್ಲಿ ಮೊದಲು ಮಾಡಿ ಎಂದು ನಾನು ಪ್ರತಿ ಸಭೆಯಲ್ಲೂ ಹೇಳುತ್ತಿದ್ದೆ. ಅದನ್ನು ಯಾರೂ ವಿಪತ್ತು ಸಿದ್ಧತೆ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ.

ಇಷ್ಟೆಲ್ಲ ಏಕೆ, ಊರನ್ನೇ ಎತ್ತರಕ್ಕೆ ಸ್ಥಳಾಂತರಿಸಬಾರದೇ ಎಂದು ಬೆಂಗಳೂರಿನಿಂದ ಬಂದವರು ಕೇಳುತ್ತಾರೆ. 2009ರ ಪ್ರವಾಹದ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಲ್ಲಿ ಅದನ್ನೇ ಮಾಡಲಾಯಿತು. ನವಗ್ರಾಮಗಳು ಎದ್ದವು. ಹಲವು ಕಡೆ ಅವು ಖಾಲಿ ಬಿದ್ದದ್ದನ್ನು ನೋಡಿದ್ದೇನೆ. ಮನೆ ಚಿಕ್ಕದೆಂದು ಜನ ಹೇಳುವುದುಂಟು, ಹೊಲ ದೂರವೆಂದು ಹೇಳುವುದುಂಟು. ಮುಖ್ಯ ಕಾರಣ ನಿವೇಶನದ ಅಳತೆಯಲ್ಲಿದೆ. ಆ ಅಳತೆಯಲ್ಲಿ ಕೊಟ್ಟಿಗೆ ಇಲ್ಲ, ಬಣವೆ ಒಟ್ಟಲು ಜಾಗವಿಲ್ಲ, ತಿಪ್ಪೆಗೆ ಮೂಲೆಯಿಲ್ಲ. ಮಗ ಸೊಸೆ ಹೊಸ ಮನೆಯಲ್ಲಿ ಮಲಗುತ್ತಾರೆ, ಮುದುಕರು ಹಳೆ ಊರಿನಲ್ಲಿ ದನ ಕಾಯುತ್ತಾರೆ. ನೀರು ಬಂದಾಗ ಸಿಕ್ಕಿಹಾಕಿಕೊಳ್ಳುವವರು ಆ ಮುದುಕರೇ. ಈಚೆಗೆ ಒಂದು ಹಳ್ಳಿಯ ಹೊಸ ಬಡಾವಣೆಯ ನಕ್ಷೆ ತೋರಿಸಲು ಹಳೆಯ ಸಹೋದ್ಯೋಗಿಯೊಬ್ಬರು ಬಂದಿದ್ದರು. ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಸಾಮೂಹಿಕ ಕೊಟ್ಟಿಗೆಗೂ ಮೇವಿನ ಕಣಕ್ಕೂ ಬದಲಾಯಿಸಲು ನಿಯಮದಲ್ಲಿ ದಾರಿ ಇದೆಯೇ ನೋಡಿ, ಇಲ್ಲದಿದ್ದರೆ ಪಕ್ಕದ ಗೋಮಾಳದಲ್ಲಿ ಎರಡು ಎಕರೆ ಕಾಯ್ದಿರಿಸಲು ಪ್ರಸ್ತಾವ ಕಳಿಸಿ ಎಂದು ಹೇಳಿದ್ದೇನೆ. ಕಡತ ಈಗ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿದೆಯಂತೆ.